ತುಕ್ಕಿನ ಜೊತೆ ಇನ್ನೇನು ಹೋಗುತ್ತದೆ? ಹಳೆಯ ಯಂತ್ರ, ಹತಾರಗಳನ್ನು ಉಳಿಸುವ ದಾರಿಗಳ ಹೋಲಿಕೆ

ನನ್ನ ಕೆಲಸದ ಮೇಜಿನ ಮೇಲೆ ಹಳೆಯ ಬೆಂಚ್ ವೈಸ್ ಒಂದು, ಅಂದರೆ ವಸ್ತುವನ್ನು ದವಡೆಗಳ ನಡುವೆ ಬಿಗಿಹಿಡಿಯುವ ಸಾಧನ, ಬಂದು ಕೂತಿತ್ತು. ದವಡೆಗಳು ಕಚ್ಚಿಕೊಂಡಿದ್ದವು, ಹಿಡಿ ಕೂದಲೆಳೆಯಷ್ಟೂ ತಿರುಗುತ್ತಿರಲಿಲ್ಲ, ಮುಟ್ಟಿದರೆ ಬೆರಳಿಗೆಲ್ಲ ಕಿತ್ತಳೆ ಪುಡಿ. ಪಕ್ಕದಲ್ಲಿ ಎರಕದ ಉಬ್ಬು ಅಕ್ಷರಗಳಿರುವುದು ಕೈಗೆ ತಿಳಿಯುತ್ತಿತ್ತು, ಕಣ್ಣಿಗೆ ಓದಲು ಬರುತ್ತಿರಲಿಲ್ಲ. ಇಂಥದ್ದು ಸಿಕ್ಕಾಗ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: ತುಕ್ಕು ಬೇಗ ಬಿಡಿಸೋದು ಹೇಗೆ? ಹಲವು ಒಳ್ಳೆಯ ವಸ್ತುಗಳನ್ನು ಕೆಡಿಸಿಕೊಂಡ ಮೇಲೆ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟೆ. ತುಕ್ಕು ಎಲ್ಲ ವಿಧಾನಕ್ಕೂ ಹೋಗುತ್ತದೆ. ಅದರ ಜೊತೆ ಇನ್ನೇನು ಹೋಗುತ್ತದೆ ಅನ್ನುವುದರಲ್ಲೇ ವಿಧಾನಗಳಿಗೆ ಪರಸ್ಪರ ವ್ಯತ್ಯಾಸ. ಬಣ್ಣ ಹೋಗಬಹುದು, ಅಕ್ಷರ ಹೋಗಬಹುದು, ಉಕ್ಕಿನ ಹದ ಹೋಗಬಹುದು, ನಿಮ್ಮ ಶ್ವಾಸಕೋಶವೂ ಹೋಗಬಹುದು.

ಮೊದಲು ಗತಿ ನಿರ್ಧರಿಸಿ

ಹಳೆಯ ಯಂತ್ರಕ್ಕೆ ನಾಲ್ಕು ಗತಿ. ಧೂಳು ಒರೆಸಿ ಎಣ್ಣೆ ಸವರಿ ಇದ್ದ ಹಾಗೇ ಇಡುವುದು. ಕೆಲಸ ಮಾಡುವಷ್ಟು ಮಾತ್ರ ರಿಪೇರಿ ಮಾಡುವುದು. ಕೊನೆಯ ತಿರುಪಿನವರೆಗೆ ಬಿಚ್ಚಿ, ಬಣ್ಣ ಬಳಿದು, ಹೊಸತರಂತೆ ಕಟ್ಟುವುದು. ಇಲ್ಲವೇ ಬೇಕಾದ ಬಿಡಿಭಾಗ ತೆಗೆದುಕೊಂಡು ಮಿಕ್ಕದ್ದನ್ನು ಗುಜರಿಗೆ ಹಾಕುವುದು. ಹೊಸದಾಗಿ ಈ ಹುಚ್ಚು ಹಿಡಿದವರು ನೇರವಾಗಿ ಮೂರನೆಯದಕ್ಕೆ ಕೈಹಾಕುತ್ತಾರೆ. ಅರ್ಧ ದಾರಿಯಲ್ಲಿ ಬೇಸರ ಬರುತ್ತದೆ, ಬಿಚ್ಚಿದ ಭಾಗಗಳು ಡಬ್ಬಿಯಲ್ಲಿ ಉಳಿಯುತ್ತವೆ. ನನ್ನ ಕಪಾಟಿನಲ್ಲೂ ಅಂಥ ಒಂದು ಡಬ್ಬಿ ಇದೆ, ಅದು ಯಾವ ಯಂತ್ರದ್ದು ಎಂದು ಮಾತ್ರ ಕೇಳಬೇಡಿ.

ನನ್ನ ಒಲವು ಎರಡನೆಯದಕ್ಕೆ. ಮೊದಲು ಯಂತ್ರ ತಿರುಗಲಿ, ಕೊರೆಯಲಿ, ಕತ್ತರಿಸಲಿ. ಒಂದು ತಿಂಗಳು ಅದರಲ್ಲಿ ಕೆಲಸ ಮಾಡಿದರೆ ನಿಜವಾಗಿ ಏನು ಕೆಟ್ಟಿದೆ ಎಂದು ಅದೇ ಹೇಳುತ್ತದೆ. ಬಣ್ಣ ಬಳಿದ ಮೇಲೆ ಬೇರಿಂಗ್ ಸದ್ದು ಮಾಡುತ್ತಿದೆ ಎಂದು ಗೊತ್ತಾದರೆ ಅದೇ ಬಣ್ಣವನ್ನು ಕೆರೆದು ಮತ್ತೆ ಬಿಚ್ಚಬೇಕು.

ಉಳಿಸುವುದೋ ಬಿಚ್ಚುವುದೋ ಎಂಬುದನ್ನು ತುಕ್ಕು ನೋಡಿ ತೀರ್ಮಾನಿಸಬೇಡಿ. ಕಬ್ಬಿಣ ತುಕ್ಕಾದಾಗ ಮೂಲ ಲೋಹಕ್ಕಿಂತ ಹಲವು ಪಟ್ಟು ಉಬ್ಬುತ್ತದೆ, ಹಾಗಾಗಿ ಹಪ್ಪಳದಂತೆ ಎದ್ದು ಬಂದ ದಪ್ಪ ಪದರದ ಕೆಳಗೂ ಕಳೆದುಹೋದ ಲೋಹ ತುಸುವೇ ಇರುತ್ತದೆ. ಯಂತ್ರವನ್ನು ಕೊಲ್ಲುವುದು ಮೂರು: ಬಿರುಕು, ಸವೆತ, ಕಾಣೆಯಾದ ಭಾಗ. ಎರಕದ ಕಬ್ಬಿಣವನ್ನು ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ಗಟ್ಟಿಯಾಗಿದ್ದರೆ ಗಂಟೆಯಂತೆ ನಾದ ಬರುತ್ತದೆ, ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಅನುಮಾನವಿದ್ದ ಜಾಗಕ್ಕೆ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಬಿರುಕಿನಲ್ಲಿ ಅಡಗಿದ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಎರಕದ ಕಬ್ಬಿಣಕ್ಕೆ ಬೆಸುಗೆ ಹಾಕುವುದು ಸುಲಭದ ಮಾತಲ್ಲ. ಸರಿಯಾಗಿ ಕಾಯಿಸದೆ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಭಾರ ಹೊರುವ ಚೌಕಟ್ಟೇ ಬಿರಿದಿದ್ದರೆ ನಾನು ಆ ಯಂತ್ರವನ್ನು ಬಿಡಿಭಾಗದ ಲೆಕ್ಕಕ್ಕೆ ಹಾಕುತ್ತೇನೆ.

ಕಾಣೆಯಾದ ಭಾಗಗಳಲ್ಲಿ ಎರಡು ಜಾತಿ. ಎಲ್ಲೆಲ್ಲೂ ಸಿಗುವ ಪ್ರಮಾಣಿತ ಭಾಗ ಒಂದು, ಆ ಯಂತ್ರಕ್ಕೆಂದೇ ಮಾಡಿದ್ದು ಇನ್ನೊಂದು. ಬೇರಿಂಗ್ ಪುಡಿಯಾಗಿದ್ದರೆ ಹೆದರಬೇಡಿ. ಅದರ ಅಂಚಿನಲ್ಲಿ 6203 ಎಂದು ಕೆತ್ತಿದ್ದರೆ ಒಳವ್ಯಾಸ 17, ಹೊರವ್ಯಾಸ 40, ಅಗಲ 12 ಮಿಲಿಮೀಟರ್, ಯಾವ ತಯಾರಕರದ್ದಾದರೂ ಅಷ್ಟೇ. ಸಂಖ್ಯೆಯ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಐದರಿಂದ ಗುಣಿಸಿ, ಒಳವ್ಯಾಸ ಸಿಗುತ್ತದೆ: 6204 ಎಂದರೆ 20, 6205 ಎಂದರೆ 25. ಆದರೆ ಹಲ್ಲು ಮುರಿದ ವಿಶೇಷ ಗಿಯರ್ ಇದ್ದರೆ ಅದನ್ನು ಕಡೆಸುವ ಖರ್ಚು ಇಡೀ ಯಂತ್ರದ ಬೆಲೆಯನ್ನು ದಾಟಬಹುದು. ಆಗ ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರ ಹುಡುಕಿ ಎರಡರಿಂದ ಒಂದು ಕಟ್ಟುವುದೇ ಜಾಣತನ.

ತಿರುಪುಗಳ ವಿಷಯದಲ್ಲಿ ಒಂದು ಮಾತು. ಹಳೆಯ ಬ್ರಿಟಿಷ್ ಯಂತ್ರಗಳಲ್ಲಿ ಸಿಗುವುದು ವಿಟ್‌ವರ್ತ್ ಎಳೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆ ಅದು, ಎಳೆಯ ಕೋನ 55 ಡಿಗ್ರಿ. ಮೆಟ್ರಿಕ್ ಮತ್ತು ಅಮೆರಿಕದ ಎಳೆಗಳದ್ದು 60 ಡಿಗ್ರಿ. ಅರ್ಧ ಇಂಚಿನ ಬೋಲ್ಟ್‌ಗೆ ವಿಟ್‌ವರ್ತ್‌ನಲ್ಲಿ ಇಂಚಿಗೆ 12 ಎಳೆ, ಅಮೆರಿಕದ ದಪ್ಪ ಎಳೆಯಲ್ಲಿ 13. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ಸ್ಪ್ಯಾನರ್‌ಗೆ ಬಲ ಹಾಕಬೇಡಿ. ಹಳೆಯ ತಿರುಪು ಎಷ್ಟೇ ಕೊಳಕಾಗಿದ್ದರೂ ಹೊಸದು ಸಿಗುವವರೆಗೆ ಎಸೆಯಬೇಡಿ.

ತುಕ್ಕು: ಅಸಲು ಹೋಲಿಕೆ ಇಲ್ಲಿದೆ

ಮೊದಲು ಲೋಹ ಯಾವುದು ನೋಡಿ. ತುಕ್ಕು ಕಬ್ಬಿಣದ್ದು, ಕಿಲುಬು ಹಿತ್ತಾಳೆ ತಾಮ್ರದ್ದು. ನಮ್ಮ ಭಾಷೆ ಇವೆರಡನ್ನೂ ಬೇರೆ ಇಟ್ಟಿರುವುದು ಸುಮ್ಮನೆ ಅಲ್ಲ, ಮದ್ದೂ ಬೇರೆ. ಹಿತ್ತಾಳೆಯ ಗುಬುಟನ್ನು ಕಬ್ಬಿಣದ ಜೊತೆಗೇ ಆಮ್ಲದಲ್ಲಿ ನೆನೆಹಾಕಿ ಮರೆತರೆ ಮೇಲ್ಮೈಯ ಸತು ಕರಗಿ ಹಿತ್ತಾಳೆ ಗುಲಾಬಿಗೆ ತಿರುಗುತ್ತದೆ. ಸತು ಲೇಪಿಸಿದ ಬೋಲ್ಟ್ ಆಮ್ಲದಲ್ಲಿ ಲೇಪ ಕಳೆದುಕೊಳ್ಳುತ್ತದೆ. ಅಲ್ಯುಮಿನಿಯಂಗೆ ವಾಷಿಂಗ್ ಸೋಡಾವೇ ಶತ್ರು. ಆದ್ದರಿಂದ ನೆನೆಹಾಕುವ ಮುಂಚೆ ಬೇರೆ ಲೋಹಗಳನ್ನೆಲ್ಲ ಬಿಚ್ಚಿ ಪಕ್ಕಕ್ಕಿಡಿ. ಜಿಡ್ಡನ್ನೂ ತೊಳೆಯಿರಿ. ಎಣ್ಣೆಯ ಕೆಳಗಿನ ತುಕ್ಕಿಗೆ ಯಾವ ದ್ರಾವಣವೂ ತಲುಪುವುದಿಲ್ಲ.

ವಿನೆಗರ್ ಎಲ್ಲರಿಗೂ ಗೊತ್ತು. ಸುಮಾರು 5 ಶೇಕಡಾ ಅಸಿಟಿಕ್ ಆಮ್ಲ, ಒಂದು ದಿನ ನೆನೆಸಿದರೆ ತುಕ್ಕು ಸಡಿಲವಾಗುತ್ತದೆ. ತೊಂದರೆ ಏನೆಂದರೆ ಅದು ತುಕ್ಕು ಮುಗಿದ ಮೇಲೂ ನಿಲ್ಲುವುದಿಲ್ಲ, ಒಳ್ಳೆಯ ಉಕ್ಕನ್ನೂ ಮೇಯಲು ಶುರುಮಾಡುತ್ತದೆ. ಒಮ್ಮೆ ಒಂದು ಅರವನ್ನು ವಿನೆಗರ್‌ನಲ್ಲಿ ಹಾಕಿ ಒಂದು ವಾರ ಮರೆತಿದ್ದೆ. ತೆಗೆದಾಗ ಮಾಸಲು ಬೂದು ಬಣ್ಣ, ಮೇಲೆ ಮಸಿಯಂಥ ಪದರ, ಹಲ್ಲುಗಳ ತುದಿ ದುಂಡಗೆ. ವಿಚಿತ್ರವೆಂದರೆ ಸವೆದ ಅರದ ಹಲ್ಲನ್ನು ಆಮ್ಲದಲ್ಲಿ ತಿನ್ನಿಸಿ ಚೂಪು ಮಾಡುವ ಪದ್ಧತಿಯೂ ಇದೆ. ಔಷಧಕ್ಕೂ ವಿಷಕ್ಕೂ ನಡುವೆ ಇದ್ದದ್ದು ನನ್ನ ಮರೆವು ಮಾತ್ರ. ನಾಲ್ಕಾರು ಸಣ್ಣ ಬೋಲ್ಟ್‌ಗಳಿಗೆ, ಕಣ್ಣಳತೆಯಲ್ಲಿ ಇಟ್ಟುಕೊಂಡರೆ, ವಿನೆಗರ್ ಸಾಕು. ಅದಕ್ಕಿಂತ ದೊಡ್ಡ ಕೆಲಸಕ್ಕೆ ನಾನು ಅದನ್ನು ಬಳಸುವುದಿಲ್ಲ.

ಸಿಟ್ರಿಕ್ ಆಮ್ಲದ ಪುಡಿ ಇದಕ್ಕಿಂತ ಮೇಲು. ಲೀಟರ್ ಬೆಚ್ಚನೆ ನೀರಿಗೆ 50ರಿಂದ 100 ಗ್ರಾಂ, ವಾಸನೆ ಇಲ್ಲ, ಕೆಲವು ಗಂಟೆಗಳಲ್ಲಿ ಕೆಲಸ. ಆದರೂ ಅದು ಆಮ್ಲವೇ, ಲೋಹವನ್ನು ಬಿಡುವುದಿಲ್ಲ. ಅದನ್ನು ಪಳಗಿಸುವ ಉಪಾಯ ಒಂದಿದೆ: ಲೀಟರ್‌ಗೆ 100 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಅದಕ್ಕೆ 40 ಗ್ರಾಂ ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುವುದು. ಒಮ್ಮೆಲೇ ಸುರಿದರೆ ನೊರೆ ಬಕೆಟ್ ದಾಟಿ ನೆಲಕ್ಕೆ ಬರುತ್ತದೆ, ಹೇಳಿಲ್ಲ ಅನ್ನಬೇಡಿ. ಸೋಡಾ ಆಮ್ಲದ ಮೊನೆಯನ್ನು ಮುರಿಯುತ್ತದೆ, ಉಳಿದ ಸಿಟ್ರೇಟ್ ತುಕ್ಕಿನ ಕಬ್ಬಿಣದ ಅಯಾನುಗಳನ್ನು ಏಡಿಯ ಕೊಂಬಿನಂತೆ ಹಿಡಿದು ದ್ರಾವಣಕ್ಕೆ ಎಳೆದುಕೊಳ್ಳುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಕೀಲೇಶನ್ ಎನ್ನುತ್ತಾರೆ, ಆ ಪದದ ಗ್ರೀಕ್ ಮೂಲದ ಅರ್ಥವೂ ಏಡಿಯ ಕೊಂಬೇ. ಲೋಹ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಇಡೀ ರಾತ್ರಿ ನೆನೆದರೂ ಎದೆ ಹೊಡೆದುಕೊಳ್ಳುವುದಿಲ್ಲ, ಆದರೂ ಮರುದಿನ ಬೆಳಗ್ಗೆ ಎತ್ತಿ ನೋಡಿ.

ಡಬ್ಬಿಯಲ್ಲಿ ಸಿದ್ಧವಾಗಿ ಬರುವ, ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ದ್ರವಗಳು ಇದೇ ತತ್ತ್ವದ ಸುಧಾರಿತ ರೂಪ. ಹೋಲಿಕೆಯಲ್ಲಿ ಅತಿ ಸೌಮ್ಯ ಇವೇ: ತುಕ್ಕು ಮಾತ್ರ ತೆಗೆಯುತ್ತವೆ, ಲೋಹವನ್ನು ಬಿಡುತ್ತವೆ, ಗಟ್ಟಿಯಾಗಿ ಕೂತ ಬಣ್ಣವನ್ನೂ ಬಹುಪಾಲು ಬಿಡುತ್ತವೆ. ಆದರೆ ದುಬಾರಿ, ಚಳಿಯಲ್ಲಿ ಮಂದ, ವಸ್ತು ಪೂರ್ತಿ ಮುಳುಗಬೇಕು. ಅರ್ಧ ಮುಳುಗಿಸಿದರೆ ನೀರಿನ ಮಟ್ಟದಲ್ಲಿ ಗೆರೆ ಬಿದ್ದು ಅದು ಶಾಶ್ವತವಾಗಿ ಉಳಿಯಬಹುದು. ಅಳತೆಯ ಉಪಕರಣ, ಗರಗಸದ ಅಲಗು, ಸ್ಪ್ರಿಂಗ್, ಮೂಲ ಬಣ್ಣ ಉಳಿದ ಕೈಹತಾರಗಳಿಗೆ ನಾನು ಖರ್ಚು ನೋಡದೆ ಇದನ್ನೇ ಬಳಸುತ್ತೇನೆ. ಕಾಕಂಬಿಯನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ ಎರಡು ಮೂರು ವಾರ ನೆನೆಸುವವರೂ ಇದ್ದಾರೆ. ಕೆಲಸ ಮಾಡುತ್ತದೆ, ಲೋಹಕ್ಕೂ ಹೆಚ್ಚು ಕೇಡಿಲ್ಲ, ಆದರೆ ಹುಳಿತ ವಾಸನೆಗೆ ಮನೆಯವರು ನಿಮ್ಮನ್ನೇ ಹೊರಗಿಟ್ಟಾರು.

ವಿದ್ಯುತ್ತಿನ ತೊಟ್ಟಿ

ನನ್ನ ವೈಸ್‌ನಂಥ ದೊಡ್ಡ, ಮೂಲೆಮೊಡಕಿನ ಎರಕಕ್ಕೆ ವಿದ್ಯುದ್ವಿಭಜನೆಯೇ ಸರಿ. ಪ್ಲಾಸ್ಟಿಕ್ ತೊಟ್ಟಿ, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ, 12 ವೋಲ್ಟ್‌ನ ಡಿಸಿ ಮೂಲ, ಬಲಿಕೊಡಲು ಕೆಲಸಕ್ಕೆ ಬಾರದ ಕಬ್ಬಿಣದ ತುಂಡುಗಳು. ವಸ್ತುವಿಗೆ ಋಣ ತಂತಿ, ಬಲಿಯ ತುಂಡಿಗೆ ಧನ ತಂತಿ. ತಿರುಗಮುರುಗ ಆಯಿತೋ, ನಿಮ್ಮ ವಸ್ತುವೇ ಬಲಿ. ಸ್ವಿಚ್ ಹಾಕಿದ ಕೆಲ ಕ್ಷಣಕ್ಕೆ ವಸ್ತುವಿನ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಸೋಡಾ ಬಾಟಲಿ ಈಗಷ್ಟೇ ತೆರೆದಂತೆ. ಒಂದು ಗಂಟೆಗೆ ನೀರಿನ ಮೇಲೆ ಕಂದು ನೊರೆಯ ಕೆನೆ. ಬಲಿಯ ತುಂಡಿನ ಎದುರಿಗಿರುವ ಮುಖ ಮೊದಲು ಶುದ್ಧವಾಗುತ್ತದೆ, ಮರೆಯಲ್ಲಿರುವ ಜಾಗ ಹಾಗೇ ಉಳಿಯುತ್ತದೆ, ಆದ್ದರಿಂದ ನಾಲ್ಕೂ ಕಡೆ ತುಂಡುಗಳನ್ನು ಇಳಿಬಿಡಿ ಅಥವಾ ಆಗಾಗ ವಸ್ತುವನ್ನು ತಿರುಗಿಸಿ. ಈಗಿನ ಬುದ್ಧಿವಂತ ಬ್ಯಾಟರಿ ಚಾರ್ಜರ್‌ಗಳಲ್ಲಿ ಹೆಚ್ಚಿನವು ಎದುರಿಗೆ ಬ್ಯಾಟರಿಯ ವೋಲ್ಟೇಜ್ ಕಾಣದೆ ಶುರುವಾಗುವುದೇ ಇಲ್ಲ. ಕೆಟ್ಟಿದೆಯೆಂದು ಬೈಯುವ ಮುಂಚೆ ಇದು ನೆನಪಿರಲಿ.

ಈ ವಿಧಾನದ ದೊಡ್ಡ ಗುಣವೆಂದರೆ ವಸ್ತುವಿನ ಲೋಹ ಕರಗುವುದಿಲ್ಲ, ಎರಡು ದಿನ ಬಿಟ್ಟರೂ ಅಳತೆ ಬದಲಾಗುವುದಿಲ್ಲ. ಆದರೆ ಇದು ಬಣ್ಣವನ್ನು ಎಬ್ಬಿಸಿಬಿಡುತ್ತದೆ. ಹಳೆಯ ಲೋಹದ ಉಜ್ಜುಗೊರಡುಗಳ ಮೇಲೆ ಡಾಂಬರಿನ ಜಾತಿಯ ಕಪ್ಪು ಹೊಳಪಿನ ಲೇಪವಿರುತ್ತದೆ, ಜಪಾನಿಂಗ್ ಎನ್ನುತ್ತಾರೆ. ಅದನ್ನು ಈ ತೊಟ್ಟಿಗೆ ಹಾಕಿದರೆ ತುಕ್ಕಿನ ಜೊತೆ ಲೇಪವೂ ಪದರ ಪದರವಾಗಿ ತೇಲಿ ಬರುತ್ತದೆ. ನನ್ನ ವೈಸ್‌ನಲ್ಲಿ ಹಸಿರು ಬಣ್ಣದ ಚೂರು ಅಲ್ಲಲ್ಲಿ ಮಾತ್ರ ಇತ್ತು, ಕಳೆದುಕೊಳ್ಳಲು ಏನೂ ಇರಲಿಲ್ಲ. ಎರಡು ರಾತ್ರಿ ಬಿಟ್ಟೆ. ತೆಗೆದು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದಾಗ ಕಪ್ಪು ರಾಡಿ ಹರಿದುಹೋಗಿ ದವಡೆಯ ಅಗಲ ಹೇಳುವ ‘4’ ಎಂಬ ಅಂಕಿ ಎದ್ದು ನಿಂತಿತು.

ಮೂರು ತಪ್ಪು ಮಾತ್ರ ಮಾಡಲೇಬೇಡಿ. ಬಲಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರ ಕ್ರೋಮಿಯಂ ವಿಷಕಾರಿ ಹೆಕ್ಸಾವೇಲೆಂಟ್ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಸೋಡಾದ ಬದಲು ಉಪ್ಪು ಬೇಡ, ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕೋಣೆ ಬೇಡ, ಆ ಗುಳ್ಳೆಗಳಲ್ಲಿ ಇರುವುದು ಹೈಡ್ರೋಜನ್. ತಂತಿಯ ಕ್ಲಿಪ್ ಕೀಳುವ ಮುಂಚೆ ಗೋಡೆಯ ಸ್ವಿಚ್ ಆರಿಸಿ, ಒಂದು ಕಿಡಿ ಸಾಕು.

ಹೈಡ್ರೋಜನ್‌ಗೆ ಇನ್ನೊಂದು ಕೆಟ್ಟ ಚಾಳಿಯಿದೆ, ಹದ ಕೊಟ್ಟ ಗಟ್ಟಿ ಉಕ್ಕಿನೊಳಗೆ ನುಸುಳಿ ಅದನ್ನು ಗಾಜಿನಂತೆ ಪೆಡಸು ಮಾಡುವುದು. ಸ್ಪ್ರಿಂಗ್, ಗರಗಸದ ಅಲಗು, ಹೆಚ್ಚಿನ ಬಲದ ಬೋಲ್ಟ್ ಇವುಗಳಿಗೆ ಆಮ್ಲವೂ ಬೇಡ, ಈ ತೊಟ್ಟಿಯೂ ಬೇಡ. ಕಾರ್ಖಾನೆಗಳಲ್ಲಿ ಇಂಥ ಭಾಗಗಳನ್ನು ಸುಮಾರು 200 ಡಿಗ್ರಿಯಲ್ಲಿ ಹಲವು ಗಂಟೆ ಬೇಯಿಸಿ ಹೈಡ್ರೋಜನ್ ಓಡಿಸುತ್ತಾರೆ. ಮನೆಯಲ್ಲಿ ಶಾಖ ಸ್ವಲ್ಪ ಮೇಲೆ ಹೋದರೆ ಉಕ್ಕಿನ ಮೇಲೆ ತಿಳಿ ಹುಲ್ಲಿನ ಬಣ್ಣ ಮೂಡುತ್ತದೆ, ಹದ ಇಳಿಯುತ್ತಿದೆ ಎಂಬುದರ ಗುರುತು ಅದು. ಆದ್ದರಿಂದ ಬೇಯಿಸುವ ಸಾಹಸಕ್ಕಿಂತ ಮೊದಲೇ ಸೌಮ್ಯ ದ್ರವ ಆರಿಸುವುದು ಲೇಸು.

ಉಜ್ಜುವ ದಾರಿಗಳು

ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಉಜ್ಜುವುದು ಎಲ್ಲಕ್ಕಿಂತ ವೇಗ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೋಸ. ಗುಣಿಯೊಳಗಿನ ತುಕ್ಕನ್ನು ತೆಗೆಯುವ ಬದಲು ಅದನ್ನೇ ಉಜ್ಜಿ ಹೊಳೆಯಿಸುತ್ತದೆ. ಕಣ್ಣಿಗೆ ಲೋಹದಂತೆ ಕಂಡರೂ ಮೇಲೆ ಬಳಿದ ಬಣ್ಣ ಕೆಲ ತಿಂಗಳಲ್ಲಿ ಗುಳ್ಳೆಯೇಳುತ್ತದೆ. ಆಳವಿಲ್ಲದ ಅಚ್ಚಿನ ಅಕ್ಷರಗಳ ಅಂಚು ಸವೆಯುತ್ತದೆ. ಒಂದು ಉಳಿಯ ಮೇಲಿನ ತಯಾರಕರ ಮುದ್ರೆಯನ್ನು ನಾನು ಹೀಗೇ ಅಳಿಸಿಹಾಕಿದೆ, ಅದು ಯಾರದ್ದೆಂದು ಇನ್ನು ಯಾವತ್ತೂ ತಿಳಿಯದು. ತಂತಿಗಳು ಕಿತ್ತು ಹಾರುತ್ತವೆ. ಆ ಸಂಜೆ ನನ್ನ ಏಪ್ರನ್‌ನಲ್ಲಿ ಎದೆಮಟ್ಟದಲ್ಲಿ ಆರು ತಂತಿಗಳು ಸೂಜಿಯಂತೆ ನೆಟ್ಟಿದ್ದವು. ಕನ್ನಡಕ ಸಾಲದು, ಇಡೀ ಮುಖ ಮುಚ್ಚುವ ಗುರಾಣಿ ಬೇಕು.

ಮರಳು ಚಿಮ್ಮಿಸುವುದು ಒರಟು ಚೌಕಟ್ಟು, ದಪ್ಪ ಎರಕಕ್ಕೆ ಒಳ್ಳೆಯದು. ತೆಳು ತಗಡು ಸೊಟ್ಟಗಾಗುತ್ತದೆ, ಬೇರಿಂಗ್ ಕೂರುವ ಜಾಗಕ್ಕೆ ಹೊಕ್ಕರೆ ಆ ಭಾಗ ಮುಗಿದ ಹಾಗೆ. ಹೆಸರಲ್ಲಿ ಮರಳು ಇದ್ದರೂ ಮಾಮೂಲಿ ಮರಳನ್ನು ಬಳಸಲೇಬಾರದು. ಸಿಲಿಕಾ ಧೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆ, ಅದಕ್ಕೆ ವಾಪಸ್ ದಾರಿಯಿಲ್ಲ. ಗಾರ್ನೆಟ್ ಕಲ್ಲಿನ ಪುಡಿ ಅಥವಾ ಗಾಜಿನ ಮಣಿಗಳನ್ನು ಬಳಸಿ, ಉಸಿರು ಕಾಪಾಡುವ ಸಾಧನ ಧರಿಸಿಯೇ.

ಮುಳುಗಿಸಲಾಗದ ದೊಡ್ಡ ತಗಡು, ಚೌಕಟ್ಟಿನ ಒಳಗೋಡೆಗಳಿಗೆ ತುಕ್ಕು ಪರಿವರ್ತಕ ಇದೆ. ಫಾಸ್ಫಾರಿಕ್ ಆಮ್ಲವಿದ್ದರೆ ತುಕ್ಕು ಕಬ್ಬಿಣದ ಫಾಸ್ಫೇಟ್ ಆಗುತ್ತದೆ, ಟ್ಯಾನಿಕ್ ಆಮ್ಲವಿದ್ದರೆ ನೀಲಿಗಪ್ಪು ಟ್ಯಾನೇಟ್. ಇದು ತುಕ್ಕನ್ನು ತೆಗೆಯುವುದಿಲ್ಲ, ಅದನ್ನೇ ಬಣ್ಣಕ್ಕೆ ತಳವಾಗಿಸುತ್ತದೆ. ಜಾರುವ, ತಿರುಗುವ ಮೇಲ್ಮೈಗಳಿಗೆ ಇದು ಬೇಡ.

ಯಾವ ದಾರಿ ಹಿಡಿದರೂ ಕೊನೆಯ ಹತ್ತು ನಿಮಿಷದಲ್ಲಿ ಎಲ್ಲ ಕೆಡಬಹುದು. ಹಸಿ ಲೋಹ ಗಾಳಿಗೆ ಬಂದ ಕೂಡಲೇ ಹಳದಿ ತುಕ್ಕು ಮತ್ತೆ ಹಬ್ಬುತ್ತದೆ. ಆಮ್ಲದಿಂದ ತೆಗೆದದ್ದನ್ನು ಸೋಡಾ ನೀರಿನಲ್ಲಿ ಅದ್ದಿ, ಬಿಸಿನೀರಿನಲ್ಲಿ ತೊಳೆದು, ಆ ಬಿಸಿಯಲ್ಲೇ ಒರೆಸಿ, ಹೇರ್ ಡ್ರೈಯರ್ ಹಿಡಿದು, ಕೂಡಲೇ ಎಣ್ಣೆ ಹಚ್ಚಬೇಕು. ಡಬ್ಬಿಯಿಂದ ಸಿಂಪಡಿಸುವ ಡಬ್ಲ್ಯೂಡಿ-40 ಇಲ್ಲಿ ಸರಿಯಾದ ಕೆಲಸಕ್ಕೆ ಬರುತ್ತದೆ: 1953ರಲ್ಲಿ ತಯಾರಾದ ಅದರ ಹೆಸರಿನ ಅರ್ಥವೇ ನೀರನ್ನು ಸ್ಥಳಾಂತರಿಸುವುದು, 40 ಎಂದರೆ ನಲವತ್ತನೆಯ ಪ್ರಯತ್ನದ ಸೂತ್ರ. ನೀರನ್ನು ಓಡಿಸಲು ಅದು, ಮುಂದೆ ವರ್ಷಗಟ್ಟಲೆ ಕಾಯಲು ದಪ್ಪ ಎಣ್ಣೆ, ಮೇಣ ಅಥವಾ ಕುರಿ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್. ಎರಡನ್ನೂ ಒಂದೇ ಡಬ್ಬಿಯಿಂದ ನಿರೀಕ್ಷಿಸುವವರೇ ಹೆಚ್ಚು.

ಕಚ್ಚಿಕೊಂಡ ಬೋಲ್ಟ್

ಇಲ್ಲಿ ಅವಸರದ ಬೆಲೆ ಬೋಲ್ಟ್‌ನ ತಲೆ. ಎಳೆಗಳ ಸಂದಿಗೆ ಇಳಿಯುವ ಎಣ್ಣೆ, ಪೆಟ್ಟು, ಶಾಖ, ಬೆಸುಗೆ, ಕೊರೆತ, ಈ ಐದೂ ಹೇಳಿದ ಕ್ರಮದಲ್ಲೇ ಬರಬೇಕು, ಏಕೆಂದರೆ ಮುಂದೆ ಹೋದಂತೆ ವಾಪಸ್ ಬರುವ ದಾರಿ ಕಡಿಮೆಯಾಗುತ್ತದೆ. ಆಟೊಮ್ಯಾಟಿಕ್ ಗಿಯರ್ ಬಾಕ್ಸ್‌ನ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿದ ಮನೆಮದ್ದು ಚೆನ್ನಾಗಿ ಇಳಿಯುತ್ತದೆ. ಎರಡೂ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಕುಲುಕಬೇಕು, ಬೆಂಕಿಯ ಹತ್ತಿರ ಸುಳಿಯಬಾರದು. ಹಾಕಿ, ಸುತ್ತಿಗೆಯಿಂದ ಬೋಲ್ಟ್‌ನ ತಲೆಗೆ ನೇರವಾಗಿ ನಾಲ್ಕು ಸಣ್ಣ ಪೆಟ್ಟು ಕೊಟ್ಟು, ನಾಳೆ ಬನ್ನಿ. ಪೆಟ್ಟು ತುಕ್ಕಿನ ಪುಡಿಯನ್ನು ಬಿರಿಯಿಸಿ ಎಣ್ಣೆಗೆ ದಾರಿ ಮಾಡುತ್ತದೆ.

ಎಣ್ಣೆ ಸೋತಲ್ಲಿ ಶಾಖ ಗೆಲ್ಲುತ್ತದೆ. ಬಿಸಿ ಮಾಡಬೇಕಾದ್ದು ನಟ್ಟನ್ನು, ಬೋಲ್ಟನ್ನಲ್ಲ. ನಟ್ಟು ಹಿಗ್ಗಿದರೆ ಎಳೆಗಳ ಹಿಡಿತ ಸಡಿಲ. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಅಲ್ಯುಮಿನಿಯಂನಲ್ಲಿ ಕೂತ ಉಕ್ಕಿನ ತಿರುಪಿಗೆ ಹೀಟ್ ಗನ್ನಿನ ಶಾಖವೇ ಸಾಕಾಗಬಹುದು. ವೈಸ್‌ನ ತಿರುಪಿಗೆ ನಾನು ಮಾಡಿದ್ದು ಹೀಗೆ: ಟಾರ್ಚ್‌ನಿಂದ ಹಿಂಬದಿಯ ನಟ್ಟಿನ ಸುತ್ತ ಕಾಯಿಸಿ, ಎಳೆಗಳ ಬುಡಕ್ಕೆ ಮೇಣದಬತ್ತಿ ತಾಗಿಸಿದೆ. ಮೇಣ ಕರಗಿ, ಸಣ್ಣಗೆ ಹೊಗೆಯಾಡಿ, ಎಳೆಗಳ ನಡುವೆ ಮಾಯವಾಯಿತು. ಹಿಡಿಗೆ ಕೈಹಾಕಿ ಬಿಚ್ಚುವ ದಿಕ್ಕನ್ನು ಬಿಟ್ಟು ಬಿಗಿಯುವ ದಿಕ್ಕಿಗೆ ಮೊದಲು ಒತ್ತಿದೆ. ಟಕ್ ಎಂದು ಒಣ ಸದ್ದು ಬಂತು. ಮುರಿಯಿತೇ ಎಂದು ಒಂದು ಕ್ಷಣ ಕೈ ನಿಂತಿತು. ಮುರಿದಿರಲಿಲ್ಲ. ಅಲ್ಲಿಂದ ಕಾಲು ಸುತ್ತು ಹಿಂದೆ, ಅರೆಕಾಲು ಮುಂದೆ, ಎಣ್ಣೆ, ಮತ್ತೆ ಹಿಂದೆ. ಪೂರ್ತಿ ಹೊರಬರಲು ಒಂದು ಮಧ್ಯಾಹ್ನ ಹಿಡಿಯಿತು.

ಕಾಯಿಸುವ ಮುಂಚೆ ಎರಡು ಎಚ್ಚರ. ಸತು ಲೇಪಿಸಿದ ಬೋಲ್ಟ್‌ನ ಹೊಗೆ ಜ್ವರ ಬರಿಸುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತೊಳೆದ ಭಾಗ ಪೂರ್ತಿ ಒಣಗುವ ಮುಂಚೆ ಬೆಂಕಿ ಸೋಕಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು.

ತಲೆ ಮುರಿದೇ ಹೋದರೆ, ಬೆಸುಗೆ ಬಲ್ಲವರು ಉಳಿದ ಮೋಟಿನ ಮೇಲೆ ಹೊಸ ನಟ್ಟು ಕೂರಿಸಿ ಬೆಸೆಯುತ್ತಾರೆ. ಆ ಶಾಖವೂ ಸಹಾಯ ಮಾಡುತ್ತದೆ. ಬೆಸುಗೆ ಇಲ್ಲದವರು ಬಿಚ್ಚುವ ದಿಕ್ಕಿಗೇ ತಿರುಗಿ ಕೊರೆಯುವ ಎಡಗೈ ಡ್ರಿಲ್ ಬಿಟ್‌ನಿಂದ ಕೊರೆಯಲಿ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ಮೋಟು ತಿರುಗಿ ಹೊರಬರುತ್ತದೆ. ಕೊರೆದ ರಂಧ್ರಕ್ಕೆ ತಿರುಗಿಸಿ ಮೋಟನ್ನು ಬಿಚ್ಚುವ ಸುರುಳಿ ಎಕ್ಸ್‌ಟ್ರಾಕ್ಟರ್ ಎಂಬ ಸಾಧನವನ್ನು ನಾನು ನಂಬುವುದಿಲ್ಲ. ಅದು ಒಳಗೆ ಮುರಿದರೆ, ಡ್ರಿಲ್‌ಗೂ ಬಗ್ಗದ ಗಟ್ಟಿ ಉಕ್ಕು ರಂಧ್ರದಲ್ಲಿ ಉಳಿದು ಮೊದಲಿಗಿಂತ ದೊಡ್ಡ ತಲೆನೋವು.

ಮೋಟಾರು ಮತ್ತು ತಂತಿ

ಇಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಹಳೆಯ ಮೋಟಾರನ್ನು ಉಳಿಸಿ, ಹಳೆಯ ತಂತಿಯನ್ನು ಉಳಿಸಬೇಡಿ. ಬಟ್ಟೆ ಸುತ್ತಿದ ವೈರ್ ನೋಡಲು ಎಷ್ಟೇ ಚೆಂದವಿದ್ದರೂ ಒಳಗಿನ ರಬ್ಬರ್ ಪುಡಿಯಾಗಿರುತ್ತದೆ. ಹೊಸ ವೈರ್ ಹಾಕಿ, ಲೋಹದ ಮೈಗೆ ಅರ್ತಿಂಗ್ ಕೊಡಿ. ಸುರುಳಿಯ ಹೊದಿಕೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬುದನ್ನು, ಅದಕ್ಕೆಂದೇ ಇರುವ 500 ವೋಲ್ಟ್‌ನ ಮೆಗ್ಗರ್ ಎಂಬ ಮೀಟರ್‌ನಿಂದ ಅಳೆಯಿರಿ. ಮೈಗೂ ಸುರುಳಿಗೂ ನಡುವೆ ಒಂದು ಮೆಗಾಓಮ್ ಕೂಡ ಇಲ್ಲದಿದ್ದರೆ ಅದಕ್ಕೆ ವಿದ್ಯುತ್ ಕೊಡಬೇಡಿ. ಬೆಚ್ಚನೆ ಜಾಗದಲ್ಲಿ ಕೆಲ ದಿನ ಒಣಗಿಸಿ ಮತ್ತೆ ಅಳೆದರೆ ಎಷ್ಟೋ ಮೋಟಾರುಗಳು ಚೇತರಿಸಿಕೊಳ್ಳುತ್ತವೆ. ಆಗಲೂ ಏರದಿದ್ದರೆ ಮರುಸುತ್ತಿಸುವುದೋ ಹೊಸದು ಹಾಕುವುದೋ ಎಂಬ ಪ್ರಶ್ನೆ ಬರುತ್ತದೆ. ಅದನ್ನು ತೀರ್ಮಾನಿಸುವುದು ಸಾಮಾನ್ಯವಾಗಿ ಮೋಟಾರಿನ ಕಾಲುಗಳ ಅಳತೆ. ಹೊಸ ಮೋಟಾರು ಹಳೆಯ ಬೋಲ್ಟ್ ರಂಧ್ರಗಳಿಗೆ ಕೂತರೆ ಹೊಸದು, ಚೌಕಟ್ಟನ್ನೇ ಕೊರೆಯಬೇಕಾದರೆ ಮರುಸುತ್ತು.

ಮೋಟಾರನ್ನು ಶುರುಮಾಡಲು ನೆರವಾಗುವ ಸ್ಟಾರ್ಟ್ ಕೆಪ್ಯಾಸಿಟರ್ ಉಬ್ಬಿದ್ದರೆ ಅದೇ ಮೈಕ್ರೋಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚು ವೋಲ್ಟೇಜ್‌ನ ಹೊಸದು ಹಾಕಿ. ಮುಟ್ಟುವ ಮುಂಚೆ ರೆಸಿಸ್ಟರ್ ಮೂಲಕ ಅದರ ಚಾರ್ಜ್ ಇಳಿಸಿ. ಹಳೆಯ ರೇಡಿಯೋ, ಆಂಪ್ಲಿಫೈಯರ್‌ಗಳನ್ನು ನೇರವಾಗಿ ಪ್ಲಗ್‌ಗೆ ಹಾಕಬೇಡಿ. ಪ್ಲಗ್‌ನಿಂದ ಬರುವ ವಿದ್ಯುತ್ತು ಮೊದಲು ಹಾದುಹೋಗುವಂತೆ 60ರಿಂದ 100 ವ್ಯಾಟ್‌ನ ತಂತಿ ಬಲ್ಬ್ ಒಂದನ್ನು ಸರಣಿಯಲ್ಲಿ ಜೋಡಿಸಿ. ಬಲ್ಬ್ ಒಮ್ಮೆ ಬೆಳಗಿ ಮಂದವಾದರೆ ಮುಂದುವರಿಯಬಹುದು, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಬಿಡಿಭಾಗದ ಆಸೆಗೆ ಮೈಕ್ರೊವೇವ್ ಓವನ್ ಬಿಚ್ಚುವವರಿಗೆ ನನ್ನ ಉತ್ತರ ಒಂದೇ: ಬೇಡ. ಅದರ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತದೆ, ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರ್ ಕೊಲ್ಲಬಲ್ಲದು. ಎಣ್ಣೆ ಸೋರುತ್ತಿರುವ ಹಳೆಯ ಕೆಪ್ಯಾಸಿಟರ್‌ಗಳಲ್ಲಿ ಪಿಸಿಬಿ ಎಂಬ ವಿಷಕಾರಿ ದ್ರವ ಇರಬಹುದು. ಅಮೆರಿಕದಲ್ಲಿ ಅದರ ತಯಾರಿಕೆ ನಿಷೇಧವಾದದ್ದು 1979ರಲ್ಲಿ, ಅದಕ್ಕೂ ಹಳೆಯದನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಬಣ್ಣ

ಹಳೆಯ ಬಣ್ಣವನ್ನು ಒಣ ಮರಳು ಕಾಗದದಿಂದ ಉಜ್ಜುವ ಮುಂಚೆ ಸೀಸದ ಪರೀಕ್ಷೆ ಮಾಡಿ. ಯಂತ್ರಗಳ ಬಣ್ಣದಲ್ಲಿ ಸೀಸ ಬಹುಕಾಲ ಬಳಕೆಯಲ್ಲಿತ್ತು. ಇದ್ದರೆ ಒದ್ದೆ ಮಾಡಿ ಉಜ್ಜಿ ಅಥವಾ ರಾಸಾಯನಿಕ ಲೇಪದಿಂದ ಎಬ್ಬಿಸಿ. ಹಳೆಯ ಬ್ರೇಕ್ ಪಟ್ಟಿ, ಗ್ಯಾಸ್ಕೆಟ್, ಹೀಟರಿನ ಒಳಪದರಗಳಲ್ಲಿ ಕಲ್ನಾರು ಇರಬಹುದು, ಅದನ್ನು ಗಾಳಿ ಊದಿ ಸ್ವಚ್ಛ ಮಾಡುವುದಂತೂ ಕೂಡದು.

ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ನಾನು ಹೊಸದು ಬಳಿಯುವುದಿಲ್ಲ. ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಮೇಣ ತಿಕ್ಕುತ್ತೇನೆ. ಬಣ್ಣ ಮತ್ತೆ ಬಳಿಯಬಹುದು, ಕಾರ್ಖಾನೆಯಲ್ಲಿ ಬಳಿದದ್ದು ಒಮ್ಮೆ ಹೋದರೆ ಹೋಯಿತು. ವೈಸ್‌ನದ್ದು ತೊಟ್ಟಿಯಲ್ಲೇ ಹೋಗಿತ್ತು, ಹಾಗಾಗಿ ಅದಕ್ಕೆ ಎರಡು ಕೈ ಹಸಿರು ಎನಾಮಲ್ ಬಳಿದೆ. ದವಡೆಯ ಮುಖ, ಜಾರುವ ಹಳಿ, ತಿರುಪಿನ ಎಳೆಗಳಿಗೆ ಬಣ್ಣ ತಾಗದಂತೆ ಟೇಪ್ ಸುತ್ತಿ, ಒಣಗಿದ ಮೇಲೆ ಹಳಿಗೆ ಎಣ್ಣೆ, ಎಳೆಗೆ ಗ್ರೀಸ್. ಹಿಡಿಯ ಸರಳು ಸ್ವಲ್ಪ ಬಾಗಿದೆ. ಯಾರೋ ಕೊಳವೆ ಸಿಕ್ಕಿಸಿ ಬಿಗಿದದ್ದರ ಗುರುತು. ಅದನ್ನು ಹಾಗೇ ಬಿಟ್ಟಿದ್ದೇನೆ.